ಕೈ ಮುಗಿಯುವುದೂ ಲೆಕ್ಕ ಕೇಳುವುದೂ

ಮಾವು ಇಳಿಯುವ ಕಾಲದಲ್ಲಿ ಶ್ರೀನಿವಾಸಪುರದ ಹಳೇ ಡಾಕ್ಟರೊಬ್ಬರ ಕ್ಲಿನಿಕ್ಕಿಗೆ ಹೋದರೆ ಸ್ಪಿರಿಟ್ಟಿನ ವಾಸನೆಗಿಂತ ಬಾದಾಮಿ ಹಣ್ಣಿನ ಘಮವೇ ಮೊದಲು ಮೂಗಿಗೆ ಬಡಿಯುತ್ತದೆ. ತೋಟದವರು ಚೀಲದಲ್ಲಿ ತಂದು ಬೆಂಚಿನಡಿ ಇಟ್ಟು ಹೋಗಿರುತ್ತಾರೆ. ಫೀಸು ಕೊಡದೆ ಅಲ್ಲ, ಕೊಟ್ಟೇ. ಹಣ್ಣು ಡಾಕ್ಟರ ಕೈಗುಣದ ಲೆಕ್ಕ. ಇದೇ ಸೀಮೆಯಲ್ಲಿ ಹೆರಿಗೆ ಕೆಟ್ಟಿತೆಂದರೆ ಆಸ್ಪತ್ರೆ ಮುಂದೆ ಜನ ಸೇರುವುದಕ್ಕೂ, ಮೊಬೈಲ್ ಕ್ಯಾಮೆರಾಗಳು ಮೇಲೇಳುವುದಕ್ಕೂ ಹೆಚ್ಚು ಹೊತ್ತು ಬೇಕಿಲ್ಲ. ವೈದ್ಯನನ್ನು ನಾರಾಯಣ ಎಂದವರೂ, ಯಮನ ಒಡಹುಟ್ಟಿದವನೆಂದು ಗೇಲಿ ಮಾಡಿದವರೂ ನಮ್ಮವರೇ ತಾನೆ!

ಈ ಜಗಳ ವಿಧಾನಸಭೆಯವರೆಗೆ ಹೋದದ್ದು 2017ರಲ್ಲಿ. ಆಗ ಆರೋಗ್ಯ ಸಚಿವರಾಗಿದ್ದವರು ಶ್ರೀನಿವಾಸಪುರದ ಶಾಸಕ ಕೆ.ಆರ್. ರಮೇಶ್‌ಕುಮಾರ್. ಖಾಸಗಿ ಆಸ್ಪತ್ರೆಗಳಿಗೆ ಸಂಬಂಧಿಸಿದ 2007ರ ಕೆಪಿಎಂಇ ಕಾಯ್ದೆಗೆ ಅವರು ತಂದ ತಿದ್ದುಪಡಿಯಲ್ಲಿ ದರ ನಿಗದಿ, ರೋಗಿಗಳ ಹಕ್ಕುಪತ್ರ, ಜಿಲ್ಲೆಗೊಂದು ದೂರು ಪ್ರಾಧಿಕಾರ ಇದ್ದವು. ತಪ್ಪಿದವರಿಗೆ ಜೈಲೂ ಇತ್ತು. ನವೆಂಬರಿನಲ್ಲಿ ಖಾಸಗಿ ವೈದ್ಯರು ಬಾಗಿಲು ಹಾಕಿ ಅಧಿವೇಶನ ನಡೆಯುತ್ತಿದ್ದ ಬೆಳಗಾವಿಗೆ ಹೊರಟರು. ಹೈಕೋರ್ಟ್ ನಡುವೆ ಬಂತು, ಮುಖ್ಯಮಂತ್ರಿ ಸಿದ್ದರಾಮಯ್ಯ ಮಾತುಕತೆ ನಡೆಸಿದರು. ಕೊನೆಗೆ ಮಸೂದೆ ಹಲ್ಲು ಕಳೆದುಕೊಂಡು ಪಾಸಾಯಿತು.

ಸಚಿವರ ಪಕ್ಷದಲ್ಲಿ ನಿಂತು ನೋಡೋಣ. ಕೋಲಾರ ಜಿಲ್ಲೆಯ ರೈತನ ಮನೆಗೆ ಸಾಲ ಬರುವ ದೊಡ್ಡ ದಾರಿಗಳು ಎರಡು: ಬೋರ್‌ವೆಲ್, ಆಸ್ಪತ್ರೆ. ಬೋರ್‌ವೆಲ್‌ನವನಾದರೂ ಅಡಿಗೆ ಇಷ್ಟು ಎಂದು ಮೊದಲೇ ಹೇಳುತ್ತಾನೆ. ಐಸಿಯುಗೆ ಸೇರಿಸಿದವನಿಗೆ ನಾಳೆ ಎಷ್ಟಾಗುತ್ತದೆಂಬುದೇ ಗೊತ್ತಿರುವುದಿಲ್ಲ. ತುರ್ತು ಹೊತ್ತಿನಲ್ಲಿ ಮುಂಗಡಕ್ಕಾಗಿ ಕಾಯಿಸಬಾರದು, ಬಾಕಿ ಇದೆಯೆಂದು ಹೆಣ ಕೊಡದೆ ಇರಬಾರದು ಎಂದು ಕಾನೂನಿನಲ್ಲಿ ಬರೆಯಬೇಕಾಗಿ ಬಂತಲ್ಲ, ಅದು ಸುಮ್ಮನೆ ಬಂದದ್ದಲ್ಲ. ವೈದ್ಯಸೇವೆಯೂ ಗ್ರಾಹಕ ಕಾನೂನಿನ ವ್ಯಾಪ್ತಿಗೆ ಬರುತ್ತದೆಂದು ಸುಪ್ರೀಂ ಕೋರ್ಟ್ 1995ರಲ್ಲೇ ಹೇಳಿತ್ತು. ಲೆಕ್ಕ ಕೇಳಿದರೆ ಮರ್ಯಾದೆ ಹೋಯಿತು ಎನ್ನುವ ವಾದ ಹಾಗಾಗಿ ನನಗೆ ಹಿಡಿಸುವುದಿಲ್ಲ.

ವೈದ್ಯರ ಮಾತೂ ಹುಸಿಯಲ್ಲ. ಸರ್ಕಾರಿ ಆಸ್ಪತ್ರೆಗಳನ್ನು ಬಿಟ್ಟು ನಮ್ಮನ್ನಷ್ಟೇ ಏಕೆ ಹಿಡಿಯುತ್ತೀರಿ ಎಂದು ಅವರು ಕೇಳಿದರು. ಅದೇ ವರ್ಷ ಆಗಸ್ಟಿನಲ್ಲಿ ಕೋಲಾರದ ಎಸ್‌ಎನ್‌ಆರ್ ಜಿಲ್ಲಾಸ್ಪತ್ರೆಯ ಶಿಶುಗಳ ಸಾವು ರಾಜ್ಯಕ್ಕೆಲ್ಲ ಸುದ್ದಿಯಾಗಿತ್ತು. ಸಚಿವರ ಸ್ವಂತ ಜಿಲ್ಲೆಯಲ್ಲೇ ಆ ಪ್ರಶ್ನೆಗೆ ತೂಕ ಬಂದಿತ್ತು. ಜೈಲಿನ ಮಾತಂತೂ ಅತಿಯಾಯಿತು. ಬಿಲ್ಲು ಹೆಚ್ಚು ಮಾಡಿದವನಿಗೆ ದಂಡ ಸರಿ, ಸೆರೆಮನೆ ಏಕೆ?

ಹೊರಗೆ ಕಾಣದ ಇನ್ನೊಂದು ಕಷ್ಟವಿದೆ, ನನಗೆ ಅದೇ ಮುಖ್ಯ ಅನ್ನಿಸುತ್ತದೆ. ಮುಳಬಾಗಿಲು ಹೆದ್ದಾರಿ ಮೇಲಿನ ಊರು. ರಾತ್ರಿ ಅಪಘಾತದ ಕೇಸು ಬರುತ್ತದೆ. ಡ್ಯೂಟಿ ಡಾಕ್ಟರು ರಕ್ತ ನಿಲ್ಲಿಸುತ್ತಾರೆ, ಡ್ರಿಪ್ ಹಾಕುತ್ತಾರೆ. ಆಪರೇಷನ್ ಆಗಬೇಕೆಂದರೆ ಅರಿವಳಿಕೆ ತಜ್ಞರು ಬೇಕು, ರಕ್ತ ಬೇಕು. ಆ ಹೊತ್ತಿಗೆ ಎರಡೂ ಸಿಕ್ಕದಿದ್ದರೆ ಕೋಲಾರಕ್ಕೆ ಬರೆದುಕೊಡುತ್ತಾರೆ. ಕೋಲಾರದಲ್ಲೂ ಆಗದಿದ್ದರೆ ಮತ್ತೆ ಅರವತ್ತು ಎಪ್ಪತ್ತು ಕಿಲೋಮೀಟರ್ ದಾಟಿ ಬೆಂಗಳೂರು. ದಾರಿಯಲ್ಲಿ ಜೀವ ಹೋದರೆ ‘ಕೈ ತೊಳ್ಕೊಂಡ್ರು’ ಎಂಬ ಮಾತು. ಇಟ್ಟುಕೊಂಡು ನೋಡಿ, ಅಲ್ಲೇ ಸತ್ತರೆ ‘ಕೊಂದ್ರು’ ಎಂಬ ಕೂಗು. ಎರಡನೆಯದರಲ್ಲಿ ಏಟೂ ಬೀಳಬಹುದು. ಮೊದಲನೆಯದರಲ್ಲಿ ಹೆಸರು ಮಾತ್ರ ಕೆಡುತ್ತದೆ. ಹೆದರಿದ ಡಾಕ್ಟರು ಯಾವುದನ್ನು ಆರಿಸಿಕೊಳ್ಳುತ್ತಾರೆ ಎಂದು ಕೇಳಬೇಕೆ? ವೈದ್ಯರ ಮೇಲೆ ಕೈ ಮಾಡುವುದರ ವಿರುದ್ಧ 2009ರಿಂದ ರಾಜ್ಯದಲ್ಲಿ ಪ್ರತ್ಯೇಕ ಕಾಯ್ದೆಯೇ ಇದೆ. ಕಾಯ್ದೆ ಇದೆಯೆಂದು ರಾತ್ರಿ ಪಾಳಿಯವರ ಭಯ ಹೋಗಿಲ್ಲ.

ಹತ್ತಿರವಿದ್ದೂ ದೂರವಾದ ಊರು ಮಾಲೂರು. ಬೆಂಗಳೂರಿನ ರೈಲಿದೆ, ರಸ್ತೆಯಿದೆ. ಡಾಕ್ಟರು ಊರಲ್ಲಿ ಮನೆ ಮಾಡಬೇಕಾದ ಅಗತ್ಯವೇ ಇಲ್ಲ. ಕಾಸಿರುವ ರೋಗಿಯೂ ಅದೇ ದಾರಿ ಹಿಡಿದು ಬೆಂಗಳೂರಿಗೆ ಹೋಗುತ್ತಾನೆ. ಮಾರುಕಟ್ಟೆಯಲ್ಲಿ ಎದುರಾಗದ, ಮದುವೆ ಮನೆಯ ಪಂಕ್ತಿಯಲ್ಲಿ ಪಕ್ಕಕ್ಕೆ ಕೂರದ ಡಾಕ್ಟರನ್ನು ನಂಬುವುದು ಹೇಗೆ? ಕೋಲಾರದ ಇಟಿಸಿಎಂ ಆಸ್ಪತ್ರೆಯನ್ನು ಮೆಥಡಿಸ್ಟ್ ಮಿಷನ್‌ನವರು ಕಳೆದ ಶತಮಾನದ ಆದಿಯಲ್ಲಿ ಕಟ್ಟಿದಾಗ ಕೈಯಲ್ಲಿದ್ದ ಔಷಧಿಗಳು ಇಂದಿನದರ ಒಂದಂಶವೂ ಅಲ್ಲ. 1986ರಲ್ಲಿ ಟಮಕದಲ್ಲಿ ದೇವರಾಜ ಅರಸು ವೈದ್ಯಕೀಯ ಕಾಲೇಜು ಬಂತು, ಜಾಲಪ್ಪ ಆಸ್ಪತ್ರೆ ಬೆಳೆಯಿತು. ಸೌಕರ್ಯ ನೂರುಪಾಲು ಹೆಚ್ಚಿತು. ನಂಬಿಕೆ ಅಷ್ಟೇ ಹೆಚ್ಚಿತೆಂದು ಯಾರೂ ಹೇಳುವುದಿಲ್ಲ.

ಚೀನಾದ ಕಥೆಯೂ ಹೀಗೇ ಇದೆ. ಮಾವೋ ಕಾಲದ ‘ಬರಿಗಾಲ ವೈದ್ಯರು’ ಕೆಲವೇ ತಿಂಗಳು ತರಬೇತಿ ಪಡೆದ ಹಳ್ಳಿಗರು. ಹೊಲದಲ್ಲೂ ದುಡಿಯುತ್ತಿದ್ದರು, ರೋಗಿಗಳನ್ನೂ ನೋಡುತ್ತಿದ್ದರು. 1980ರ ನಂತರ ಸರ್ಕಾರ ಹಣ ಕಡಿಮೆ ಮಾಡಿತು, ಆಸ್ಪತ್ರೆಗಳು ಔಷಧಿ ಮಾರಿ ಹೊಟ್ಟೆ ಹೊರೆಯತೊಡಗಿದವು, ಜನ ಸಂಶಯಪಟ್ಟರು. ಪರಿಹಾರ ಕೀಳಲು ಬಾಡಿಗೆ ಗುಂಪು ಕರೆತಂದು ಗಲಾಟೆ ಎಬ್ಬಿಸುವುದು ಅಲ್ಲಿ ಎಷ್ಟು ಹೆಚ್ಚಿತೆಂದರೆ 2015ರಲ್ಲಿ ಅಪರಾಧ ಸಂಹಿತೆಯನ್ನೇ ತಿದ್ದಬೇಕಾಯಿತು. ಹಾಗೆಂದು ಅರೆ ತರಬೇತಿಯವರೇ ಮೇಲು ಎನ್ನಲಾಗದು. ನಮ್ಮ ಹಳ್ಳಿಗಳಲ್ಲಿ ಎಲ್ಲ ಜ್ವರಕ್ಕೂ ಸೂಜಿ ಚುಚ್ಚಿ ಹೆಸರು ಮಾಡಿದವರಿದ್ದಾರೆ. ಜನರಿಗೆ ಅವರ ಮೇಲೆ ಪ್ರೀತಿ, ರೋಗಕ್ಕೇನೂ ಹೆದರಿಕೆಯಿಲ್ಲ.

ನನ್ನ ತೀರ್ಮಾನ ಇಷ್ಟು: ದರಪಟ್ಟಿ, ಹಕ್ಕುಪತ್ರಗಳ ವಿಷಯದಲ್ಲಿ ಸಚಿವರು ಸರಿ, ಜೈಲು ಮತ್ತು ಸರ್ಕಾರಿ ಆಸ್ಪತ್ರೆಗಳ ವಿಷಯದಲ್ಲಿ ವೈದ್ಯರು ಸರಿ. ಬಾಗಿಲು ಹಾಕಿದ್ದು ಮಾತ್ರ ತಪ್ಪು, ಅದರ ಪೆಟ್ಟು ಬಿದ್ದದ್ದು ವಾದದಲ್ಲಿ ಇಲ್ಲದವರ ಮೇಲೆ. ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ದೂರು ಪ್ರಾಧಿಕಾರ ಕೋಲಾರದಲ್ಲಷ್ಟೇ ಕೂರದೆ ಮುಳಬಾಗಿಲು, ಮಾಲೂರು, ಶ್ರೀನಿವಾಸಪುರಗಳಲ್ಲೂ ಸರದಿಯಂತೆ ಸಭೆ ಮಾಡಲಿ. ತಾಲ್ಲೂಕು ಆಸ್ಪತ್ರೆಗಳಲ್ಲಿ ಅರಿವಳಿಕೆ ತಜ್ಞರು ರಾತ್ರಿಯೂ ಸಿಗುವಂತಾಗಲಿ. ರೋಗಿಯ ಕಡೆಯವರೂ ಅಷ್ಟೆ, ಡಾಕ್ಟರು ಮುಂದಕ್ಕೆ ಬರೆದುಕೊಟ್ಟಾಗ ಮೊಬೈಲ್ ತೆಗೆಯುವ ಮೊದಲು ಇಲ್ಲಿ ಏನಿಲ್ಲ ಎಂದು ಕೇಳಿ, ಅದನ್ನು ಚೀಟಿಯಲ್ಲಿ ಬರೆಸಿಕೊಳ್ಳಿ. ದೂರು ಕೊಡುವಾಗ ಆ ಚೀಟಿ ಕೈಯಲ್ಲಿರಲಿ.