ನೆಗಡಿಯ ಖರ್ಚು, ಕೂಲಿಯ ಲೆಕ್ಕ

ಚಳ್ಳಕೆರೆ, ಮೊಳಕಾಲ್ಮೂರು ಎಂದೊಡನೆ ನಮ್ಮ ಆಡಳಿತಕ್ಕೆ ನೆನಪಾಗುವುದು ಬರ, ಫ್ಲೋರೈಡ್ ನೀರು, ಕೈಕೊಟ್ಟ ಶೇಂಗಾ ಬೆಳೆ. ನೆಗಡಿಯಂತಹ ಕ್ಷುಲ್ಲಕ ಕಾಯಿಲೆಗೆ ಪ್ರಗತಿ ಪರಿಶೀಲನಾ ಸಭೆಗಳ ಕಾರ್ಯಸೂಚಿಯಲ್ಲಿ ಸ್ಥಾನವಿಲ್ಲ. ಆದರೆ ಬಡ ಕುಟುಂಬದ ಆಯವ್ಯಯದಲ್ಲಿ ಅದು ವರ್ಷಕ್ಕೆ ಹಲವು ಬಾರಿ ತಲೆಹಾಕುವ ಬಾಬ್ತು ಎಂಬುದನ್ನು ಅರ್ಥಶಾಸ್ತ್ರದ ವಿದ್ಯಾರ್ಥಿಯಾಗಿ ನಾನು ಗಮನಿಸುತ್ತ ಬಂದಿದ್ದೇನೆ.

ವಯಸ್ಕರಿಗೆ ವರ್ಷಕ್ಕೆ ಎರಡು ಮೂರು ಸಲ, ಮಕ್ಕಳಿಗೆ ಅದಕ್ಕೂ ಹೆಚ್ಚು ಸಲ ನೆಗಡಿಯಾಗುವುದು ಸಹಜ. ಅದನ್ನು ತರುವ ವೈರಾಣುಗಳು 200ಕ್ಕೂ ಹೆಚ್ಚು ಬಗೆಯವು. ರೈನೊವೈರಸ್‌ನದೇ ಅವುಗಳಲ್ಲಿ ದೊಡ್ಡ ಬಳಗ. ಎರಡು ಮೂರನೆಯ ದಿನ ತೀವ್ರಗೊಳ್ಳುವ ನೆಗಡಿ ಸಾಮಾನ್ಯವಾಗಿ ಏಳರಿಂದ ಹತ್ತು ದಿನಗಳಲ್ಲಿ ತಾನಾಗಿ ಇಳಿಯುತ್ತದೆ. ಆ್ಯಂಟಿಬಯೊಟಿಕ್ ಮಾತ್ರೆ ಬ್ಯಾಕ್ಟೀರಿಯಾಗಳಿಗೆ ಮಾರಕವೇ ಹೊರತು ವೈರಾಣುಗಳಿಗಲ್ಲ. ಸಿಂಬಳ ಹಸಿರು ಬಣ್ಣಕ್ಕೆ ತಿರುಗಿದ ಮಾತ್ರಕ್ಕೆ ಅದರ ಅಗತ್ಯ ಹುಟ್ಟುವುದಿಲ್ಲ.

ಹಾಗಿದ್ದೂ ಜನ ಸೂಜಿ ಮಾತ್ರೆಗಳಿಗೆ ಏಕೆ ಹಾತೊರೆಯುತ್ತಾರೆ? ಇದನ್ನು ಅಜ್ಞಾನವೆಂದು ಕರೆಯುವುದು ನನಗೆ ಒಪ್ಪಿಗೆಯಿಲ್ಲ. ಮೊಳಕಾಲ್ಮೂರಿನ ರೇಷ್ಮೆ ಸೀರೆಗೆ ಭೌಗೋಳಿಕ ಸೂಚಿಕೆಯ ಮಾನ್ಯತೆಯಿದೆ. ಅದನ್ನು ನೇಯುವ ಕೂಲಿ ನೇಕಾರನಿಗೆ ರಜೆಯಿಲ್ಲ. ಅವನ ಸಂಪಾದನೆ ಸೀರೆಯ ಲೆಕ್ಕದ್ದು, ದಿನದ ಲೆಕ್ಕದ್ದಲ್ಲ. ಚಳ್ಳಕೆರೆಯ ಎಣ್ಣೆ ಗಿರಣಿಯ ಹಮಾಲಿ, ಕಂಬಳಿ ನೇಯುವ ಮುದುಕ, ಎಲ್ಲರದೂ ಇದೇ ಪಾಡು. ಇಎಸ್‌ಐ ಯೋಜನೆಯಲ್ಲಿ ಅನಾರೋಗ್ಯ ಭತ್ಯೆಯುಂಟು, ಆದರೆ ಮನೆಯಲ್ಲೇ ಮಗ್ಗ ನಡೆಸುವವನಿಗೆ ಅದು ದಕ್ಕುವುದಿಲ್ಲ. ಮೂರು ದಿನ ಮಲಗಿದರೆ ಮೂರು ದಿನದ ಗಳಿಕೆ ಹೋಯಿತು. ನಾಳೆಯೇ ಎದ್ದು ಕೂರಬಹುದೆಂಬ ಭರವಸೆಯನ್ನು ಅವನು ದುಡ್ಡು ತೆತ್ತು ಕೊಳ್ಳುತ್ತಾನೆ. ಮೂರನೆಯ ದಿನ ಮಾತ್ರೆ ನುಂಗಿ ನಾಲ್ಕನೆಯ ದಿನ ಹಗುರಾದಾಗ, ಕಾಯಿಲೆಯ ಸಹಜ ಇಳಿತದ ಕೀರ್ತಿ ಮಾತ್ರೆಗೆ ಸಲ್ಲುತ್ತದೆ. ಮುಂದಿನ ಬಾರಿಯೂ ಅವನು ಅದನ್ನೇ ಕೇಳುತ್ತಾನೆ. ಕೊಡಲು ಒಪ್ಪದ ವೈದ್ಯನ ಬಾಗಿಲಿಗೆ ಹೋಗುವುದಿಲ್ಲ.

ನಷ್ಟ ಅವನೊಬ್ಬನದಲ್ಲ. ಹೀಗೆ ಪೋಲಾದ ಔಷಧಿಗೆ ಪಳಗಿದ ಬ್ಯಾಕ್ಟೀರಿಯಾ ನಾಳೆ ನೆರೆಮನೆಯ ಬಾಣಂತಿಯನ್ನು ಕಾಡಬಹುದು. ವೈದ್ಯರ ಚೀಟಿಯಿಲ್ಲದೆ ಇವನ್ನು ಮಾರಕೂಡದೆಂಬ ನಿಯಮವಿದೆ. ಮಾತ್ರೆ ಪಟ್ಟಿಯ ಕೆಂಪು ಗೆರೆಯ ಅರ್ಥ ತಿಳಿಸುವ ಅಭಿಯಾನವನ್ನು ಕೇಂದ್ರ 2016ರಲ್ಲೇ ಆರಂಭಿಸಿತು. ಗೆರೆಯನ್ನು ಯಾರು ನೋಡುತ್ತಾರೆ?

ಮಕ್ಕಳ ವಿಷಯ ಇನ್ನೂ ಗಂಭೀರ. 2025ರಲ್ಲಿ ಮಧ್ಯಪ್ರದೇಶದ ಛಿಂದ್ವಾಡಾದಲ್ಲಿ ವಿಷಕಾರಿ ಡೈಎಥಿಲೀನ್ ಗ್ಲೈಕಾಲ್ ಬೆರೆತ ಕೆಮ್ಮಿನ ಸಿರಪ್ ಕುಡಿದು ಇಪ್ಪತ್ತಕ್ಕೂ ಹೆಚ್ಚು ಮಕ್ಕಳು ಮೂತ್ರಪಿಂಡ ವೈಫಲ್ಯದಿಂದ ಸತ್ತರು. ಎರಡು ವರ್ಷದೊಳಗಿನವರಿಗೆ ಇಂತಹ ಸಿರಪ್ ಕೊಡಲೇಬಾರದು, ಐದರೊಳಗಿನವರಿಗೆ ಸಾಮಾನ್ಯವಾಗಿ ಬೇಡ ಎಂದು ಕೇಂದ್ರ ಆಗ ಸೂಚಿಸಿತು. ಬೆಚ್ಚಗಿನ ದ್ರವಾಹಾರ, ವಿಶ್ರಾಂತಿ, ಮೂಗಿಗೆ ಸಲೈನ್ ಹನಿ, ಜ್ವರವಿದ್ದರೆ ಪ್ಯಾರಾಸಿಟಮಾಲ್, ಇಷ್ಟೇ ಸಾಕು. ವರ್ಷ ತುಂಬಿದ ಮಗುವಿನ ಕೆಮ್ಮಿಗೆ ಜೇನು ಒಳ್ಳೆಯದು. ಅದಕ್ಕಿಂತ ಚಿಕ್ಕ ಕೂಸಿಗೆ ಅಪಾಯಕಾರಿ. ಸೋಪಿನಿಂದ ಕೈತೊಳೆಯಿರಿ ಎನ್ನುವುದು ಸರಿಯೇ, ಆದರೆ ನೀರನ್ನು ಕೊಡದ ಲೆಕ್ಕದಲ್ಲಿ ಹೊತ್ತು ತರುವ ಮನೆಗೆ ಆ ಉಪದೇಶ ದುಬಾರಿ.

ನೆಗಡಿಯೆಂದು ತಳ್ಳಿಹಾಕಬಾರದ ಸಂದರ್ಭಗಳೂ ಇವೆ. ಎರಡು ತಿಂಗಳಿಂದ ಒಂದು ವರ್ಷದೊಳಗಿನ ಮಗು ನಿಮಿಷಕ್ಕೆ 50 ಅಥವಾ ಹೆಚ್ಚು ಸಲ, ಒಂದರಿಂದ ಐದು ವರ್ಷದ ಮಗು 40 ಅಥವಾ ಹೆಚ್ಚು ಸಲ ಉಸಿರಾಡುತ್ತಿದ್ದರೆ ಅದು ನ್ಯುಮೋನಿಯಾ ಇರಬಹುದು. ಪಕ್ಕೆ ಒಳಸೆಳೆಯುತ್ತಿದ್ದರೆ ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕು. ಉಣ್ಣೆ ಮತ್ತು ಗಿರಣಿಯ ದೂಳಿನ ನಡುವೆ ದುಡಿಯುವವರು ಕೆಮ್ಮನ್ನು ಕಸುಬಿನ ಭಾಗವೆಂದೇ ಭಾವಿಸುತ್ತಾರೆ. ಎರಡು ವಾರ ಮೀರಿದ ಕೆಮ್ಮಿಗೆ ಕ್ಷಯದ ಪರೀಕ್ಷೆ ಆಗಲೇಬೇಕು. ಸರ್ಕಾರಿ ಆಸ್ಪತ್ರೆಗಳಲ್ಲಿ ಅದು ಉಚಿತ.

ಆಶಾ ಕಾರ್ಯಕರ್ತೆಯರು ಮನೆಮನೆಗೆ ಹೋದಾಗ ಉಸಿರು ಎಣಿಸುವುದನ್ನು ತಾಯಂದಿರಿಗೂ ಕಲಿಸಬಹುದು; ಅದಕ್ಕೆ ಬೇಕಾದದ್ದು ಒಂದು ಗಡಿಯಾರ. ನೇಕಾರರಿಗೆ ವರ್ಷಕ್ಕೆ ಐದಾರು ದಿನಗಳ ಅನಾರೋಗ್ಯ ಭತ್ಯೆ ಕೊಡುವುದಕ್ಕೆ ಮಾತ್ರ ಹಣ ಬೇಕು. ಮುಂದಿನ ಬಜೆಟ್ಟಿನ ಪೂರ್ವಭಾವಿ ಚರ್ಚೆಯಲ್ಲಿ ಈ ಎರಡು ತಾಲ್ಲೂಕುಗಳ ಶಾಸಕರು ಅದನ್ನು ಪ್ರಸ್ತಾಪಿಸಲಿ.