ಬಿಟ್ಟ ಸ್ಥಳ ತುಂಬಿರಿ, ಆದರೆ ವಾಕ್ಯ ಓದಿ ತುಂಬಿರಿ

 

ನಮ್ಮ ಕನ್ನಡ ಪ್ರಶ್ನೆಪತ್ರಿಕೆಯಲ್ಲಿ 'ಸೂಕ್ತ ಪದ ಆರಿಸಿ ಬಿಟ್ಟ ಸ್ಥಳ ತುಂಬಿರಿ' ಅಂತ ಒಂದು ಪ್ರಶ್ನೆ ಇದ್ದೇ ಇರುತ್ತದೆ. ಒಂದೊಂದಕ್ಕೂ ಒಂದೊಂದು ಅಂಕ. ನಮ್ಮಲ್ಲಿ ತುಂಬಾ ಜನ ಇದನ್ನು ಬಹಳ ಸುಲಭ ಅಂದುಕೊಂಡಿದ್ದಾರೆ. ಗೈಡು ನೋಡಿ ಉತ್ತರಗಳನ್ನು ಸಾಲಾಗಿ ಬಾಯಿಪಾಠ ಮಾಡುತ್ತಾರೆ. ಒಂದನೆಯದು ಕೆರೆ, ಎರಡನೆಯದು ಹದ್ದು, ಮೂರನೆಯದು ರೈತ, ಅಷ್ಟೇ. ಪರೀಕ್ಷೆಯಲ್ಲಿ ಪ್ರಶ್ನೆ ಹಿಂದೆ ಮುಂದೆ ಆಯಿತೋ, ಹದ್ದು ಹೊಲ ಉಳುತ್ತದೆ, ರೈತ ಆಕಾಶದಲ್ಲಿ ಹಾರುತ್ತಾನೆ! ಹೊರಗೆ ಬಂದ ಮೇಲೆ ವಾಕ್ಯ ಏನಿತ್ತು ಅಂತ ಕೇಳಿದರೆ ಯಾರಿಗೂ ನೆನಪಿರೋದಿಲ್ಲ.

ಈ ವಿಷಯದಲ್ಲಿ ನನ್ನ ಅಭಿಪ್ರಾಯ ಎರಡು. ಮೊದಲನೆಯದು, ಸರಿಯಾದ ಪದವನ್ನು ವಾಕ್ಯವೇ ಹೇಳಿಕೊಡುತ್ತದೆ, ಅದಕ್ಕೆ ಗೈಡು ಬೇಕಾಗಿಲ್ಲ. ಎರಡನೆಯದು, ಒಂದು ವಾಕ್ಯಕ್ಕೆ ಎರಡು ಪದ ಸರಿಹೊಂದಿದರೆ ಎರಡಕ್ಕೂ ಅಂಕ ಸಿಗಬೇಕು.

ಮೊದಲನೆಯದನ್ನು ನೋಡೋಣ. ಕನ್ನಡದಲ್ಲಿ ಕ್ರಿಯಾಪದ ಸಾಮಾನ್ಯವಾಗಿ ವಾಕ್ಯದ ಕೊನೆಗೆ ಬರುತ್ತದೆ. ಆದ್ದರಿಂದ ಕೊನೆವರೆಗೂ ಓದದೆ ಮೊದಲಿನ ಜಾಗ ತುಂಬಬಾರದು. '______ ಮರದಿಂದ ಹಾರಿದವು' ಅಂತ ಕೊಟ್ಟು, ಗುಬ್ಬಿ, ಗುಬ್ಬಿಗಳು ಅಂತ ಎರಡು ಪದ ಕೊಟ್ಟಿದ್ದಾರೆ ಅಂದುಕೊಳ್ಳಿ. ಕೊನೆಯಲ್ಲಿ 'ಹಾರಿದವು' ಅಂತಿದೆ. ಅದು ಬಹುವಚನ. ಹಾಗಾದರೆ ಗುಬ್ಬಿಗಳು ಅಂತಲೇ ಬರಬೇಕು. ಇನ್ನೊಂದು ವಾಕ್ಯ. 'ಮಳೆ ಜೋರಾಗಿ ಬಂತು, ______ ನಮ್ಮ ಕೆರೆ ತುಂಬಲಿಲ್ಲ.' ಇಲ್ಲಿ 'ಆದ್ದರಿಂದ' ಅಂತ ಬರೆದರೆ ಮಳೆ ಬಂದಿದ್ದಕ್ಕೇ ಕೆರೆ ತುಂಬಲಿಲ್ಲ ಅನ್ನೋ ಅರ್ಥ ಬರುತ್ತದೆ. ಅದಕ್ಕೇ 'ಆದರೆ' ಸರಿ.

ಪಕ್ಕದ ಪದವೂ ನಮಗೆ ಸಹಾಯ ಮಾಡುತ್ತದೆ. ಮಡಕೆ ಒಡೆಯುತ್ತದೆ, ಕೋಲು ಮುರಿಯುತ್ತದೆ, ಬಟ್ಟೆ ಹರಿಯುತ್ತದೆ. ಮಡಕೆ ಹರೀತು ಅಂತ ನಾವು ಯಾರೂ ಹೇಳೋದಿಲ್ಲ. ಬಟ್ಟೆ ಒಗೀತೀವಿ, ಪಾತ್ರೆ ತೊಳೀತೀವಿ, ಹಲ್ಲು ಉಜ್ಜುತೀವಿ, ನೆಲ ಸಾರಿಸುತೀವಿ. ಎಲ್ಲವೂ ಶುಚಿ ಮಾಡುವ ಕೆಲಸವೇ, ಆದರೂ ನಾಲ್ಕಕ್ಕೆ ನಾಲ್ಕು ಪದ. ಇದನ್ನು ಯಾವ ಗೈಡೂ ಹೇಳಿಕೊಟ್ಟಿಲ್ಲ. ಅಮ್ಮ, ಅಜ್ಜಿ ಮನೇಲಿ ಕೆಲಸ ಹೇಳುವಾಗ ಕೇಳಿ ಕಲಿತಿದ್ದೇವೆ. ಇನ್ನು 'ಹರಿ' ಅನ್ನೋ ಪದವನ್ನೇ ನೋಡಿ. ಬಟ್ಟೆಯೂ ಹರಿಯುತ್ತದೆ, ನೀರೂ ಹರಿಯುತ್ತದೆ. ವಾಕ್ಯ ಇಲ್ಲದಿದ್ದರೆ ಯಾವ ಹರಿ ಅಂತ ಯಾರು ಹೇಳುತ್ತಾರೆ?

ದೊಡ್ಡ ವಿದ್ವಾಂಸರೂ ಹೀಗೇ ಮಾಡುತ್ತಿದ್ದರು ಅಂತ ನಮ್ಮ ಕನ್ನಡ ಮೇಷ್ಟ್ರು ಹೇಳಿದರು. ಕನ್ನಡ ಸಾಹಿತ್ಯ ಪರಿಷತ್ತಿನ ದೊಡ್ಡ ನಿಘಂಟು ಎಂಟು ಸಂಪುಟ ಇದೆ. ಅದರ ಪ್ರಧಾನ ಸಂಪಾದಕರಾಗಿದ್ದವರು ಪ್ರೊ. ಜಿ. ವೆಂಕಟಸುಬ್ಬಯ್ಯ (1913-2021). ಆ ನಿಘಂಟಿನಲ್ಲಿ ಪದದ ಅರ್ಥದ ಜೊತೆಗೆ, ಹಳೆಯ ಶಾಸನಗಳಲ್ಲಿ, ಕಾವ್ಯಗಳಲ್ಲಿ ಆ ಪದ ಎಲ್ಲಿ ಹೇಗೆ ಬಂದಿದೆ ಅಂತ ಉದಾಹರಣೆಗಳನ್ನೂ ಕೊಟ್ಟಿದ್ದಾರೆ. ಅವರು 'ಪ್ರಜಾವಾಣಿ'ಯಲ್ಲಿ 'ಇಗೋ ಕನ್ನಡ' ಅಂತ ಅಂಕಣ ಬರೆದು, ಓದುಗರು ಕೇಳಿದ ಪದಗಳಿಗೆ ಉತ್ತರ ಕೊಡುತ್ತಿದ್ದರು. ಅಷ್ಟು ದೊಡ್ಡವರೇ ಪದ ಬಂದ ಜಾಗ ನೋಡಿ ಅರ್ಥ ಹೇಳುತ್ತಿದ್ದರು ಅಂದ ಮೇಲೆ, ನಾವು ಒಂದು ವಾಕ್ಯ ಪೂರ್ತಿ ಓದೋದಕ್ಕೆ ಸೋಮಾರಿತನ ಮಾಡಬಾರದು.

ನಮ್ಮ ಊರಿನ ಹೆಸರಿಗೂ ಇದೇ ಮಾತು. ನಮ್ಮದು ಉಲ್ಲಾಳ. ಮಂಗಳೂರಿನ ಹತ್ತಿರ, ಸಮುದ್ರದ ದಡದಲ್ಲಿ, ಉಳ್ಳಾಲ ಅಂತ ಇನ್ನೊಂದು ಊರಿದೆ. ಇಂಗ್ಲಿಷಿನಲ್ಲಿ ಬರೆದರೆ ಎರಡೂ ಒಂದೇ. ರಾಣಿ ಅಬ್ಬಕ್ಕನ ಪಾಠ ಓದಿ, ರಾಣಿ ನಮ್ಮ ಊರಿನವರು ಅಂತ ಚಿಕ್ಕ ಮಕ್ಕಳು ಖುಷಿ ಪಡುತ್ತಾರೆ. ಆದರೆ ಅಬ್ಬಕ್ಕ 16ನೇ ಶತಮಾನದಲ್ಲಿ ಪೋರ್ಚುಗೀಸರ ವಿರುದ್ಧ ಹೋರಾಡಿದವರು. ಪೋರ್ಚುಗೀಸರು ಬಂದದ್ದು ಹಡಗಿನಲ್ಲಿ. ನಮ್ಮ ಉಲ್ಲಾಳದ ಕೆರೆಗೆ ಹಡಗು ಬರೋಕಾಗುತ್ತಾ? ಸುತ್ತಲಿನ ಮಾತು ಓದಿದರೆ ಯಾವ ಊರು ಅಂತ ತಾನೇ ತಿಳಿಯುತ್ತದೆ.

ಈಗ ಎರಡನೆಯ ವಿಷಯ. ಈ ವರ್ಷ ನಮ್ಮ ತರಗತಿಗೆ ರಾಯಚೂರು ಕಡೆಯಿಂದ ಒಬ್ಬ ಹುಡುಗ ಬಂದಿದ್ದಾನೆ. ಅವರಪ್ಪ ಅಮ್ಮ ಇಲ್ಲಿ ಗಾರೆ ಕೆಲಸ ಮಾಡುತ್ತಾರೆ. ಒಂದು ಕಿರುಪರೀಕ್ಷೆಯಲ್ಲಿ 'ಹುಡುಗರು ಚೆಂಡನ್ನು ದೂರ ______' ಅಂತ ಬಂದಿತ್ತು. ಕಂಸದಲ್ಲಿ ಎಸೆದರು, ಒಗೆದರು, ತೊಳೆದರು ಅಂತ ಮೂರು ಪದ. ಅವನು 'ಒಗೆದರು' ಅಂತ ಬರೆದ. ತಪ್ಪು ಅಂತ ಗುರುತು ಬಿತ್ತು. 'ಚೆಂಡಿಗೆ ಸೋಪು ಹಾಕಿದ್ಯೇನೋ?' ಅಂತ ಕೆಲವರು ನಕ್ಕರು. ಅವತ್ತಿನಿಂದ ಅವನು ಕನ್ನಡ ಪಿರಿಯಡ್ಡಿನಲ್ಲಿ ಕೈ ಎತ್ತುವುದನ್ನೇ ಬಿಟ್ಟಿದ್ದಾನೆ. ಆದರೆ ಗೆಳೆಯರೇ, ಉತ್ತರ ಕರ್ನಾಟಕದ ಕಡೆ ಕಲ್ಲು ಒಗಿ, ಚೆಂಡು ಒಗಿ ಅಂತಲೇ ಹೇಳುತ್ತಾರೆ. ಒಗೆ ಅಂದರೆ ಎಸೆ ಅನ್ನೋ ಅರ್ಥ ನಿಘಂಟಿನಲ್ಲೂ ಇದೆ. ಅವನು ಗೈಡು ನೋಡಿ ಬರೆದವನಲ್ಲ. ವಾಕ್ಯ ಓದಿ, ಯೋಚನೆ ಮಾಡಿ ಬರೆದಿದ್ದಾನೆ. ವಾಕ್ಯವನ್ನೇ ಓದದೆ ಬಾಯಿಪಾಠದಿಂದ 'ಎಸೆದರು' ಅಂತ ಬರೆದವರಿಗೆ ಅಂಕ ಬಂತು, ಅವನಿಗೆ ಬರಲಿಲ್ಲ. ಇದು ನ್ಯಾಯವೇ?

'ಹಾಗಾದರೆ ಯಾರು ಏನು ಬೇಕಾದರೂ ಬರೆಯಬಹುದಾ?' ಅಂತ ನೀವು ಕೇಳಬಹುದು. ಖಂಡಿತ ಇಲ್ಲ. ಚೆಂಡನ್ನು ದೂರ 'ತೊಳೆದರು' ಅನ್ನೋದು ರಾಯಚೂರಿನಲ್ಲೂ ತಪ್ಪು, ಉಲ್ಲಾಳದಲ್ಲೂ ತಪ್ಪು. ಗಾದೆ ಪೂರ್ತಿ ಮಾಡಿ ಅಂದಾಗಲೂ ನಮಗೆ ತೋಚಿದ ಪದ ಹಾಕುವ ಹಾಗಿಲ್ಲ. 'ಕೈ ಕೆಸರಾದರೆ ಬಾಯಿ ______' ಅಂದರೆ ಮೊಸರು ಅಂತಲೇ ಬರೆಯಬೇಕು, ಮಜ್ಜಿಗೆ ಅಂತ ಬರೆದರೆ ಆಗೋದಿಲ್ಲ. ಪುಸ್ತಕದ ಕನ್ನಡವನ್ನು ಎಲ್ಲರೂ ಕಲಿಯಲೇಬೇಕು ಅನ್ನೋದೂ ನಿಜ. ಆ ಹುಡುಗ 'ಎಸೆ' ಕಲಿಯಲಿ. ನಾವೂ 'ಒಗೆ' ಕಲಿಯೋಣ. ಇಬ್ಬರಿಗೂ ಒಂದೊಂದು ಪದ ಲಾಭ.

ಅಷ್ಟೊಂದು ಉತ್ತರಪತ್ರಿಕೆ ತಿದ್ದುವಾಗ ಒಬ್ಬೊಬ್ಬರನ್ನೂ ಕರೆದು ಕಾರಣ ಕೇಳುವುದು ಗುರುಗಳಿಗೆ ಕಷ್ಟ ಅಂತ ನನಗೂ ಗೊತ್ತು. ಅದಕ್ಕೇ ಮೂರು ಸಣ್ಣ ವಿನಂತಿ ಮಾತ್ರ ಮಾಡುತ್ತೇನೆ.

1. ಪ್ರಶ್ನೆ ಮಾಡುವಾಗ ವಾಕ್ಯ ಸ್ವಲ್ಪ ಉದ್ದ ಇರಲಿ. ಒಂದೇ ಪದ ಹಿಡಿಸುವ ಹಾಗೆ ಇರಲಿ.
2. ಪತ್ರಿಕೆ ವಾಪಸ್ ಕೊಟ್ಟ ದಿನ ಹತ್ತು ನಿಮಿಷ 'ಯಾಕೆ ಈ ಪದ ಬರೆದೆ?' ಅಂತ ಕೇಳಿ. ಕಾರಣ ಸರಿಯಾಗಿದ್ದರೆ ಅಂಕ ಕೊಡಿ.
3. ಗೆಳೆಯರೇ, ಬೇರೆ ಊರಿನ ಪದ ಕೇಳಿದಾಗ ನಗಬೇಡಿ. ಅದರ ಅರ್ಥ ಕೇಳಿ ಬರೆದುಕೊಳ್ಳಿ.

ಕೊನೆಯದಾಗಿ ನಿಮಗೆಲ್ಲ ಒಂದು ಪ್ರಶ್ನೆ. 'ಉಲ್ಲಾಳ ಒಂದು ______.' (ಹಳ್ಳಿ, ನಗರ) ಕೆಂಗೇರಿಗೆ ಹೊರಟರೂ ನಮ್ಮಜ್ಜಿ 'ಪ್ಯಾಟೆಗೆ ಹೋಗ್ಬತ್ತೀನಿ' ಅಂತಾರೆ. ಅವರಿಗೆ ಇದು ಹಳ್ಳಿಯೇ. 2007ರಲ್ಲಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆ ಆದಾಗ ನಮ್ಮ ಊರೂ ಅದಕ್ಕೆ ಸೇರಿತು. ಈಗ ನೀವು ಯಾವ ಪದ ಬರೆಯುತ್ತೀರಿ? ವಾಕ್ಯವನ್ನು ಉದ್ದ ಮಾಡಿ, ನಿಮ್ಮ ಪದಕ್ಕೆ ಕಾರಣ ಬರೆದು, ಶನಿವಾರದೊಳಗೆ ನನಗೆ ಕೊಡಿ. ಒಳ್ಳೆಯ ಉತ್ತರಗಳನ್ನು, ಎರಡು ಕಡೆಯವನ್ನೂ, ಮುಂದಿನ ಸಂಚಿಕೆಯಲ್ಲಿ ಅಂಟಿಸೋಣ.

ಇಂತಿ ನಿಮ್ಮ ಸಹಪಾಠಿ,
7ನೇ ತರಗತಿ