ಮೂಗಿನ ಸಾಕ್ಷಿಯೊಂದೇ ಸಾಲದು

ಮಾಳಮಡ್ಡಿಯಂಥ ಬಡಾವಣೆಯಲ್ಲಿ ರೂಮು ಹುಡುಕುವ ವಿದ್ಯಾರ್ಥಿಗಳು ಬಾಡಿಗೆ ಎಷ್ಟು, ಮೆಸ್ ಎಷ್ಟು ದೂರ ಎಂದು ಕೇಳುತ್ತಾರೆ. ಬಚ್ಚಲ ನೀರು ಎಲ್ಲಿಗೆ ಹೋಗುತ್ತದೆ ಎಂದು ಕೇಳುವವರು ವಿರಳ. ಆದರೆ ಪಕ್ಕದಲ್ಲೇ ಕೊಳಚೆ ನೀರು ಸಂಸ್ಕರಣಾ ಘಟಕ ಬರುತ್ತದೆ ಎಂದರೆ ಯಾವ ಊರಿನಲ್ಲಾದರೂ ಆತಂಕ ಶುರುವಾಗುತ್ತದೆ. ಈ ಆತಂಕದಲ್ಲಿ ಎಷ್ಟು ನಿಜವಿದೆ?

ಅದು ಪೂರ್ತಿ ಸುಳ್ಳಲ್ಲ. ಕೊಳಚೆ ಕೊಳೆತಾಗ ಹೈಡ್ರೋಜನ್ ಸಲ್ಫೈಡ್ ಹೊರಬರುತ್ತದೆ. ಕೊಳೆತ ಮೊಟ್ಟೆಯ ವಾಸನೆಯ ಈ ಅನಿಲ ಅಲ್ಪ ಪ್ರಮಾಣದಲ್ಲಿದ್ದರೂ ತಲೆನೋವು, ವಾಕರಿಕೆ, ನಿದ್ರಾಭಂಗ ತರಬಲ್ಲದು. ಪ್ರಮಾಣ ಹೆಚ್ಚಾದರೆ ಮೂಗು ವಾಸನೆ ಗ್ರಹಿಸುವುದನ್ನೇ ನಿಲ್ಲಿಸುತ್ತದೆ. ಮ್ಯಾನ್‌ಹೋಲ್ ಸಾವುಗಳಿಗೆ ಇದೂ ಒಂದು ಕಾರಣ. ನೀರಿಗೆ ಗಾಳಿ ಊದುವ ತೊಟ್ಟಿಗಳಿಂದ ಸೂಕ್ಷ್ಮಾಣುಗಳಿರುವ ಸಣ್ಣ ಹನಿಗಳೂ ಹಾರುತ್ತವೆ. ದೂರ ಹೋದಂತೆ ಅವು ವಿರಳವಾಗುವುದರಿಂದ ಹೆಚ್ಚು ಅಪಾಯ ಘಟಕದ ಕಾರ್ಮಿಕರಿಗೆ. ಆದ್ದರಿಂದಲೇ ಮನೆಗೂ ಘಟಕಕ್ಕೂ ನಡುವೆ ಅಂತರ, ಮುಚ್ಚಿದ ತೊಟ್ಟಿ, ಮರಗಳ ಸಾಲು ಬೇಕು.

ಹಾಗೆಂದು ಘಟಕವೇ ಬೇಡ ಎನ್ನಬಹುದೇ? ಹುಬ್ಬಳ್ಳಿ-ಧಾರವಾಡದ ಸುತ್ತಲಿನ ರೈತರು ನಾಲಾದ ಕೊಳಚೆ ನೀರನ್ನೇ ಹೊಲಕ್ಕೆ ಹಾಯಿಸುವುದನ್ನು ಸಂಶೋಧಕರು 2003ರಲ್ಲೇ ದಾಖಲಿಸಿದ್ದಾರೆ. ಸಂಸ್ಕರಿಸದ ನೀರಿನಲ್ಲಿ ಟೈಫಾಯ್ಡ್ ರೋಗಾಣು, ಜಂತುಹುಳುವಿನ ಮೊಟ್ಟೆ ಇರಬಹುದು. ನಾವು ಬಿಟ್ಟ ಕೊಳಚೆ ಸೊಪ್ಪು, ಗಜ್ಜರಿಯ ಜತೆ ನಮ್ಮ ತಾಟಿಗೇ ಮರಳಬಲ್ಲದು. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ 2021ರ ವರದಿಯ ಪ್ರಕಾರ ದೇಶದ ನಗರಗಳಲ್ಲಿ ದಿನಕ್ಕೆ 7,236.8 ಕೋಟಿ ಲೀಟರ್ ಕೊಳಚೆ ನೀರು ಉತ್ಪತ್ತಿಯಾಗುತ್ತದೆ. ಸಂಸ್ಕರಣೆಯಾಗುವುದು ಸುಮಾರು ಶೇ 28 ಮಾತ್ರ. ಅಂದರೆ ಘಟಕದ ಪಕ್ಕದ ಮನೆಗಿಂತ ತೆರೆದ ಗಟಾರದ ಪಕ್ಕದ ಮನೆಯೇ ಹೆಚ್ಚು ಅಪಾಯದಲ್ಲಿರಬಹುದು.

ಇನ್ನೊಂದು ತಪ್ಪು ತಿಳಿವಳಿಕೆಯೂ ಇದೆ. ಡೆಂಗಿ ಬಂದರೆ ಗಟಾರವನ್ನು ಬೈಯುತ್ತೇವೆ. ಡೆಂಗಿ ಹರಡುವ ಈಡಿಸ್ ಸೊಳ್ಳೆ ಹೆಚ್ಚಾಗಿ ಬೆಳೆಯುವುದು ಮನೆಯ ಬ್ಯಾರಲ್, ಕೂಲರ್‌ನ ತಿಳಿನೀರಿನಲ್ಲಿ. ಕೊಳಚೆಯಲ್ಲಿ ಬೆಳೆಯುವುದು ಕ್ಯೂಲೆಕ್ಸ್. ಅದು ಆನೆಕಾಲು ರೋಗ ಹರಡಬಲ್ಲದು. ಹಾಗೆಯೇ ಕೊಳಚೆ ಬಸಿದ ಬೋರ್‌ವೆಲ್ ನೀರನ್ನು ಕುದಿಸಿದರೆ ರೋಗಾಣು ಸಾಯುತ್ತವೆ, ನೈಟ್ರೇಟ್ ಹೋಗುವುದಿಲ್ಲ. ನೀರನ್ನು ಪರೀಕ್ಷೆ ಮಾಡಿಸುವುದೇ ದಾರಿ.

‘ನಮ್ಮ ಓಣಿಗೆ ಬೇಡ’ ಎಂಬ ಘೋಷಣೆಗಿಂತ ‘ಸರಿಯಾಗಿ ನಡೆಸಿ’ ಎಂಬ ಒತ್ತಾಯ ಫಲ ಕೊಡುತ್ತದೆ. ಘಟಕದಿಂದ ಹೊರಬರುವ ನೀರಿನ ಪರೀಕ್ಷಾ ವರದಿಯನ್ನು 2005ರ ಮಾಹಿತಿ ಹಕ್ಕು ಕಾಯ್ದೆಯಡಿ 10 ರೂಪಾಯಿ ಶುಲ್ಕದ ಅರ್ಜಿ ಹಾಕಿ ಯಾರು ಬೇಕಾದರೂ ಕೇಳಬಹುದು. ಪರೀಕ್ಷೆಗಾಗಿ ಈ ಕಾಯ್ದೆಯನ್ನು ಬಾಯಿಪಾಠ ಮಾಡುವ ನಾವು ಒಮ್ಮೆಯಾದರೂ ಅದನ್ನು ಬಳಸಿ ನೋಡಬೇಕು.